ಹವ್ಯಾಸಿಯ ಕೈಯಲ್ಲಿ ಬೇಸ್ ಗಿಟಾರ್

ಕಲಿಯಲು ಶುರುಮಾಡಿದ ಕೆಲವೇ ದಿನಗಳಲ್ಲಿ ಬೇರೆಯವರ ಜೊತೆ ಕೂತು ನುಡಿಸಬಹುದಾದ ವಾದ್ಯಗಳು ಹೆಚ್ಚಿಲ್ಲ. ಬೇಸ್ ಗಿಟಾರ್ ಅಂಥದ್ದೊಂದು, ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂಬ ನಾಲ್ಕು ತಂತಿಗಳ, ಕೆಳಸ್ವರಗಳ ಗಿಟಾರ್. ಎಲ್ಲಕ್ಕಿಂತ ದಪ್ಪಗಿರುವ ಇ ತಂತಿಯ ಮೂರನೇ ಫ್ರೆಟ್ಟಿನಲ್ಲಿ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಜಿ ಸ್ವರ, ಪಕ್ಕದ ಎ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿ, ಅದೇ ತಂತಿಯ ಐದನೇ ಫ್ರೆಟ್ಟಿನಲ್ಲಿ ಡಿ. ಈ ಮೂರು ಜಾಗ ಗೊತ್ತಾದರೆ ಮೂರೇ ಸ್ವರಗುಚ್ಛಗಳಲ್ಲಿ, ಅಂದರೆ ಕಾರ್ಡ್‌ಗಳಲ್ಲಿ ಕಟ್ಟಿದ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಆಧಾರ ಕೊಡಬಹುದು.

ಹತ್ತಾರು ವರ್ಷ ನುಡಿಸಿದವರೂ ಅದೇ ಹಾಡಿಗೆ ಅದೇ ಮೂರು ಸ್ವರಗಳನ್ನೇ ನುಡಿಸಬಹುದು. ಆದರೂ ಹಾಡು ಬೇರೆಯದೇ ಆಗಿ ಕೇಳಿಸುತ್ತದೆ. ಆ ವ್ಯತ್ಯಾಸ ಬಹುಪಾಲು ಇರುವುದು ಸ್ವರ ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲಿ. ಶುರು ಮಾಡುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ನಿಲ್ಲಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ. ಹವ್ಯಾಸಿಗೆ ಇದು ದೊಡ್ಡ ವರವೆಂದೇ ನನಗನಿಸುತ್ತದೆ. ಇದಕ್ಕೆ ಮಿಂಚಿನ ಬೆರಳು ಬೇಡ, ದಿನಕ್ಕೆ ಆರು ಗಂಟೆಯ ಸಾಧನೆಯೂ ಬೇಡ. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಕೂತರೂ ಈ ಸೂಕ್ಷ್ಮ ಕೈಗೆ ಹತ್ತುತ್ತದೆ.

ಪರೀಕ್ಷೆ ಮಾಡಿ ನೋಡಲು ಒಂದು ಡ್ರಮ್ ಆ್ಯಪ್ ಸಾಕು. ನಿಮಿಷಕ್ಕೆ 70 ಬಡಿತ, ನಾಲ್ಕರ ತಾಳ, ಒಂದು ಮತ್ತು ಮೂರಕ್ಕೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಚಟ್ಟೆನ್ನುವ ಸಣ್ಣ ಡ್ರಮ್). ಮೊದಲು ಜಿ ಸ್ವರವನ್ನು ಒಂದನೇ ಬಡಿತದಲ್ಲಿ ಮೀಟಿ ನಾಲ್ಕೂ ಬಡಿತ ಉಳಿಸಿ. ಆಮೇಲೆ ಒಂದು ಮತ್ತು ಮೂರಕ್ಕೆ ಮೀಟಿ, ಸ್ನೇರ್ ಬಿದ್ದ ಕ್ಷಣಕ್ಕೆ ಸರಿಯಾಗಿ ಸ್ವರ ನಿಲ್ಲಿಸಿ. ಸ್ನೇರ್ ಇದ್ದಕ್ಕಿದ್ದಂತೆ ದೊಡ್ಡದಾಗಿ, ಸ್ವಚ್ಛವಾಗಿ ಕೇಳಿಸತೊಡಗುತ್ತದೆ, ಡ್ರಮ್ಮಿನ ದನಿಯನ್ನು ಯಾರೂ ಮುಟ್ಟಿಲ್ಲದಿದ್ದರೂ. ಇನ್ನೊಮ್ಮೆ, ಸ್ನೇರ್‌ಗಿಂತ ಅರ್ಧ ಬಡಿತ ಮೊದಲೇ ನಿಲ್ಲಿಸಿ. ಈಗ ಹಾಡು ಕುಣಿಯುತ್ತದೆ. ಸ್ವರ ಒಂದೇ, ವೇಗ ಒಂದೇ, ಹಾಡಿನ ನಡೆ ಮಾತ್ರ ಮೂರು ಬಗೆ. ಹತ್ತು ನಿಮಿಷ ಇಷ್ಟನ್ನೇ ಮಾಡಿದರೂ ಬೇಸರವಾಗದು.

ನಿಲ್ಲಿಸುವ ಕೆಲಸ ಎರಡೂ ಕೈಯದು. ಎಡಗೈಯಲ್ಲಿ ಒತ್ತಿದ ಬೆರಳನ್ನು ತಂತಿಯಿಂದ ಎತ್ತಬಾರದು, ಒತ್ತಡವನ್ನಷ್ಟೇ ಸಡಿಲಿಸಿ ಬೆರಳನ್ನು ತಂತಿಯ ಮೇಲೆ ಹಗುರವಾಗಿ ಬಿಡಬೇಕು. ಎತ್ತಿಬಿಟ್ಟರೆ ಖಾಲಿ ತಂತಿ ಮಿಡಿದು ಬೇಡದ ಸ್ವರವೊಂದು ಗುಂಯ್ಗುಡುತ್ತದೆ. ಒಂದೇ ಬೆರಳು ತಾಗಿದಾಗ ಹಾರ್ಮೋನಿಕ್‌ನ, ಅಂದರೆ ಮೇಲಿನ ಉಪಸ್ವರದ, ಸಣ್ಣ ಶಿಳ್ಳೆ ಉಳಿದುಬಿಡಬಹುದು, ವಿಶೇಷವಾಗಿ ಐದು, ಏಳು, ಹನ್ನೆರಡನೇ ಫ್ರೆಟ್ಟುಗಳ ಮೇಲೆ. ಅಲ್ಲಿ ಎರಡು ಬೆರಳು ತಾಗಿಸಿದರೆ ಪೂರ್ತಿ ಮೌನ. ಬಲಗೈಯಲ್ಲಾದರೆ ಮುಂದೆ ಮೀಟಬೇಕಾದ ಬೆರಳನ್ನು ಸ್ವಲ್ಪ ಮೊದಲೇ ತಂತಿಯ ಮೇಲೆ ಇಟ್ಟರಾಯಿತು, ಸ್ವರ ಅಲ್ಲೇ ಸಾಯುತ್ತದೆ.

ನುಡಿಸದೇ ಇರುವ ತಂತಿಗಳ ಗಲಾಟೆ ಇನ್ನೊಂದು. ಜಿ ತಂತಿಯ ಏಳನೇ ಫ್ರೆಟ್ಟಿನ ಡಿ ಸ್ವರ ಮೀಟಿ ತಟ್ಟನೆ ನಿಲ್ಲಿಸಿ ನೋಡಿ. ಏನೂ ಮುಟ್ಟದ ಖಾಲಿ ಡಿ ತಂತಿ ತಾನೇ ಗುನುಗುತ್ತಿರುತ್ತದೆ, ಏಕೆಂದರೆ ಆ ಸ್ವರ ಅದರ ಮೇಲಿನ ಸಪ್ತಕದ್ದು. ಇಂಥ ಗಲಾಟೆ ತಡೆಯಲು ಬಲಗೈ ಹೆಬ್ಬೆರಳು ಅಲೆಮಾರಿಯಾಗಿರಬೇಕು. ಇ ತಂತಿ ಮೀಟುವಾಗ ಅದು ಪಿಕಪ್ಪಿನ (ತಂತಿಗಳ ಕೆಳಗಿದ್ದು ಅವುಗಳ ಕಂಪನವನ್ನು ಹಿಡಿಯುವ ಭಾಗ) ಮೇಲೆ, ಎ ಮೀಟುವಾಗ ಇ ತಂತಿಯ ಮೇಲೆ, ಡಿ ಮತ್ತು ಜಿಗೆ ಹೋದಾಗ ಇನ್ನೂ ಕೆಳಗಿಳಿದು ಇ ಮತ್ತು ಎ ಎರಡನ್ನೂ ಮುಚ್ಚಿಕೊಂಡಿರಬೇಕು. ತೆಳು ತಂತಿಗಳನ್ನು ಎಡಗೈ ಬೆರಳುಗಳ ಒಳಭಾಗ ಸುಮ್ಮನಾಗಿಸುತ್ತದೆ. ಹೆಬ್ಬೆರಳನ್ನು ಪಿಕಪ್ಪಿಗೇ ಅಂಟಿಸಿ ಕಲಿತವರಿಗೆ ಕೆಲವು ವಾರ ಇದು ಕಿರಿಕಿರಿ. ಆದರೂ ಈ ಒಂದು ಅಭ್ಯಾಸದಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲ.

ಮೀಟುವುದರಲ್ಲಿ ಸಾಮಾನ್ಯ ಕ್ರಮವೆಂದರೆ ತೋರುಬೆರಳು ಮತ್ತು ನಡುಬೆರಳು ಸರದಿಯಂತೆ. ಮೀಟಿದ ಬೆರಳು ಗಾಳಿಗೆ ಹಾರದೆ ಮೇಲಿನ ದಪ್ಪ ತಂತಿಗೆ ಬಂದು ಒರಗಬೇಕು. ತೆಳು ತಂತಿಯಿಂದ ದಪ್ಪ ತಂತಿಗೆ ದಾಟುವಾಗ ಸರದಿ ಮುರಿದು ಅದೇ ಬೆರಳನ್ನು ಎಳೆದುಕೊಂಡು ಹೋಗುವುದು ಸಹಜ, ತಪ್ಪಲ್ಲ. ಇಲ್ಲಿ ಶಾಸ್ತ್ರವನ್ನು ಅತಿಯಾಗಿ ಹಿಡಿಯಬೇಕಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದಲೇ ನುಡಿಸಿದವರು. ಕ್ಯಾರಲ್ ಕೇ ಪಿಕ್ (ಮೀಟಲು ಹಿಡಿಯುವ ಚಿಕ್ಕ ಬಿಲ್ಲೆ) ಹಿಡಿದು ಸ್ಟುಡಿಯೋಗಳನ್ನು ಆಳಿದರು. ಲ್ಯಾರಿ ಗ್ರಹಾಂ ಹೆಬ್ಬೆರಳಿನಿಂದ ಬಡಿಯುವ ವರಸೆಯನ್ನು ರೂಢಿಗೆ ತಂದದ್ದು ಡ್ರಮ್ಮರ್ ಇಲ್ಲದ ಕೊರತೆ ತುಂಬಲು. ಮೂವರ ಕೈಯೂ ಬೇರೆ ಬೇರೆ, ಸ್ವರದ ಅಳತೆಯ ಮೇಲಿನ ಹಿಡಿತ ಮಾತ್ರ ಮೂವರಿಗೂ ಇತ್ತು.

ಹೊಸಬರು ಎಳೆಯುವ ಬಲ ಮಾತ್ರ ಬಹುತೇಕ ಯಾವಾಗಲೂ ಜಾಸ್ತಿ. ಜೋರಾಗಿ ಎಳೆದ ತಂತಿ ಫ್ರೆಟ್ಟುಗಳಿಗೆ ಬಡಿಯುತ್ತದೆ, ಮೊದಲ ಕ್ಷಣದಲ್ಲಿ ಶ್ರುತಿ ಸ್ವಲ್ಪ ಏರುತ್ತದೆ, ಕೈ ಬೇಗ ಸೋಲುತ್ತದೆ. ಆಂಪ್ (ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ) ಜೋರು ಮಾಡಿ ಕೈ ಮೆತ್ತಗೆ ಮಾಡಿಕೊಂಡರೆ ದನಿ ದುಂಡಗಾಗುತ್ತದೆ, ಬೇಕೆಂದಾಗ ಏರಿಸಲು ಶಕ್ತಿಯೂ ಕೈಯಲ್ಲಿ ಉಳಿದಿರುತ್ತದೆ. ಬ್ರಿಡ್ಜಿನ, ಅಂದರೆ ದೇಹದ ಮೇಲೆ ತಂತಿ ಕೂರುವ ಕೊನೆಯ, ಹತ್ತಿರ ಮೀಟಿದರೆ ಬಿಗಿಯಾದ ಖಡಕ್ ದನಿ, ಕುತ್ತಿಗೆಯ ಕಡೆಗೆ ಸರಿದಷ್ಟೂ ಮೆದು. ಹಾಡಿನ ಚರಣಕ್ಕೂ ಪಲ್ಲವಿಗೂ ಬೇರೆ ದನಿ ಬೇಕಿದ್ದರೆ ಗುಂಡಿ ತಿರುಗಿಸುವ ಮೊದಲು ಕೈ ಸರಿಸಿ ನೋಡುವುದು ಒಳ್ಳೆಯದು.

ಎಡಗೈ ನೋವಿನ ದೂರು ಎಲ್ಲರದೂ. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಸಾಮಾನ್ಯ ಬೇಸಿನ ತಂತಿಯ ಮಿಡಿಯುವ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಅಲ್ಲಿ ನಟ್‌ನಿಂದ (ತಲೆಭಾಗದ ಬುಡದಲ್ಲಿ ತಂತಿ ಹಾಯುವ ಅಡ್ಡಪಟ್ಟಿ) ಮೊದಲ ಫ್ರೆಟ್ಟಿಗೆ 48 ಮಿಲಿಮೀಟರಿಗೂ ತುಸು ಹೆಚ್ಚು, ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಹೆಚ್ಚುಕಡಿಮೆ 13 ಸೆಂಟಿಮೀಟರ್. ಹನ್ನೆರಡನೇ ಫ್ರೆಟ್ಟು ದಾಟಿದರೆ ಅಂತರ ಅರ್ಧಕ್ಕಿಳಿದು 24 ಮಿಲಿಮೀಟರಿನಷ್ಟಾಗುತ್ತದೆ. ಹಾಗಾಗಿ ಫ್ರೆಟ್ಟಿಗೊಂದು ಬೆರಳು ಎಂಬ ಗಿಟಾರಿನ ನಿಯಮವನ್ನು ಕೆಳ ಫ್ರೆಟ್ಟುಗಳಲ್ಲಿ ಹೇರುವುದು ಕೈಗೆ ಮಾಡುವ ಅನ್ಯಾಯ. ಅಲ್ಲಿ ನಿಂತು ನುಡಿಸುವ ದೊಡ್ಡ ಪಿಟೀಲಿನಂಥ ಡಬಲ್ ಬೇಸಿನವರ ಹಳೆಯ ಕ್ರಮ ಹಿಡಿಯಿರಿ. ಮೂರು ಫ್ರೆಟ್ಟುಗಳಿಗೆ ತೋರುಬೆರಳು, ನಡುಬೆರಳು, ಕಿರುಬೆರಳು. ಉಂಗುರ ಬೆರಳು ಕಿರುಬೆರಳಿಗೆ ಬೆನ್ನಾಸರೆ. ನಾಲ್ಕನೆಯ ಫ್ರೆಟ್ಟು ಬೇಕಾದಾಗ ಬೆರಳು ಹಿಗ್ಗಿಸದೆ ಇಡೀ ಕೈ ಸರಿಸಿ. ಐದಾರನೇ ಫ್ರೆಟ್ಟಿನ ಮೇಲೆ ನಾಲ್ಕೂ ಬೆರಳು ಬಳಸಬಹುದು. ಕೈ ತೀರಾ ಚಿಕ್ಕದಿದ್ದರೆ 30 ಇಂಚಿನ ಚಿಕ್ಕ ಬೇಸ್ ಇದೆ, ಅದು ಮಕ್ಕಳ ವಾದ್ಯವೆಂಬ ಮಾತನ್ನು ನಂಬಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಪಿಟೀಲಿನಾಕಾರದ ಹಾಫ್ನರ್ ಬೇಸ್ ಚಿಕ್ಕ ಅಳತೆಯದೇ.

ಬೆರಳು ಫ್ರೆಟ್ಟಿನ ಲೋಹಪಟ್ಟಿಗೆ ತಾಗಿಯೂ ತಾಗದಂತೆ, ಅದರ ಬೆನ್ನಿಗೇ ಇರಬೇಕು. ಎರಡು ಫ್ರೆಟ್ಟುಗಳ ನಡುಮಧ್ಯೆ ಒತ್ತಿದರೆ ಹೆಚ್ಚು ಬಲ ಬೇಕು, ಆದರೂ ಜಿರ್ರೆನ್ನುತ್ತದೆ. ಎಷ್ಟು ಬಲ ಸಾಕು ಎಂದು ತಿಳಿಯಲು ಬೆರಳನ್ನು ಸುಮ್ಮನೆ ತಾಗಿಸಿ ಮೀಟುತ್ತಾ ಹೋಗಿ, ನಿಧಾನವಾಗಿ ಒತ್ತಡ ಏರಿಸಿ, ಜಿರ್ರ್ ನಿಂತ ಕಡೆ ನಿಲ್ಲಿಸಿ. ಅಷ್ಟೇ ಬೇಕಾದದ್ದು. ಮಣಿಕಟ್ಟು ಮಡಚಿಕೊಂಡಿದ್ದರೆ ಹೆಗಲ ಪಟ್ಟಿಯ ಎತ್ತರ ಸರಿಯಿಲ್ಲವೆಂದು ಅರ್ಥ. ಕೂತಾಗಲೂ ನಿಂತಾಗಲೂ ವಾದ್ಯ ಒಂದೇ ಎತ್ತರದಲ್ಲಿರುವಂತೆ ಪಟ್ಟಿ ಕಟ್ಟಿಕೊಳ್ಳಿ, ಕೂತು ಅಭ್ಯಾಸ ಮಾಡುವಾಗಲೂ ಪಟ್ಟಿ ಬಿಚ್ಚಬೇಡಿ. ವಾದ್ಯದ ತೂಕ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಕಿಲೋ. ಪಟ್ಟಿ ಏಳೆಂಟು ಸೆಂಟಿಮೀಟರ್ ಅಗಲವಿದ್ದರೆ ಭುಜ ಉಳಿಯುತ್ತದೆ. ತಲೆಭಾಗ ನೆಲದ ಕಡೆ ಜಾರುವ ವಾದ್ಯವಾದರೆ ಒಳಮೈ ಒರಟಾದ ಚರ್ಮದ ಪಟ್ಟಿ ಅದನ್ನು ಹಿಡಿದಿಡುತ್ತದೆ. ಎಡಗೈ ಹೊರುವ ಕೆಲಸ ಮಾಡಲೇಬಾರದು.

ವಾದ್ಯವೇ ಸರಿಯಿಲ್ಲದೆ ಕೈಯನ್ನು ದೂರುವುದು ವ್ಯರ್ಥ. ಅದನ್ನು ಹದಕ್ಕೆ ತರುವ ಕೆಲಸವನ್ನು ಹವ್ಯಾಸಿಗಳು ಕಲಿಯಲೇಬೇಕು, ಅದರಲ್ಲೂ ಒಂದು ಖುಷಿಯಿದೆ. ಕ್ರಮ ತಪ್ಪಬಾರದು. ಮೊದಲು ಶ್ರುತಿ, ಆಮೇಲೆ ಕುತ್ತಿಗೆಯ ಬಾಗು, ಆಮೇಲೆ ತಂತಿಯ ಎತ್ತರ, ಕೊನೆಗೆ ಫ್ರೆಟ್ಟುಗಳ ಶ್ರುತಿ. ಬಾಗು ನೋಡಲು ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ದೇಹಕ್ಕೆ ಸೇರುವ ಕಡೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ಏಳೆಂಟನೇ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ಅಳೆಯಿರಿ. 0.3 ಮಿಲಿಮೀಟರ್ ಒಳ್ಳೆಯ ಅಳತೆ, ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಸಂದು ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಸರಳು, ಅಂದರೆ ಟ್ರಸ್ ರಾಡ್ ಅನ್ನು ಗಡಿಯಾರದ ದಿಕ್ಕಿನಲ್ಲಿ ಬಿಗಿಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮೀರಬೇಡಿ. ಮತ್ತೆ ಶ್ರುತಿ ಮಾಡಿ ಅಳೆದು ಮುಂದುವರಿಯಿರಿ. ಗಟ್ಟಿಯಾಗಿ ಕೂತ ಅದರ ತಿರುಪಿಗೆ ಬಲ ಹಾಕಿದರೆ ರಾಡ್ ತುಂಡಾಗಬಹುದು, ಅಂಥ ವಾದ್ಯವನ್ನು ತಿಳಿದವರಿಗೆ ಕೊಡುವುದೇ ವಾಸಿ.

ತಂತಿಯ ಎತ್ತರ ಹನ್ನೆರಡನೇ ಫ್ರೆಟ್ಟಿನ ಮೇಲೆ ಇ ಕಡೆ ಎರಡೂವರೆ, ಜಿ ಕಡೆ ಎರಡು ಮಿಲಿಮೀಟರ್ ಇಟ್ಟರೆ ಬಹಳ ಜನರ ಕೈಗೆ ಒಗ್ಗುತ್ತದೆ. ಜಿರ್ರ್ ದನಿ ಎಲ್ಲಿ ಬರುತ್ತದೆಂದು ಕೇಳಿದರೆ ಕಾರಣ ತಾನಾಗಿಯೇ ಸಿಗುತ್ತದೆ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಮಾತ್ರವಾದರೆ ಕುತ್ತಿಗೆ ತೀರಾ ನೆಟ್ಟಗಾಗಿದೆ, ಹನ್ನೆರಡರ ಆಚೆ ಮಾತ್ರವಾದರೆ ತಂತಿ ಕೆಳಗಿಳಿದಿದೆ, ಒಂದೇ ಒಂದು ಜಾಗದಲ್ಲಾದರೆ ಮುಂದಿನ ಫ್ರೆಟ್ಟು ಎದ್ದಿದೆ. ಕೊನೆಗೆ ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಹಗುರವಾಗಿ ತಾಗಿಸಿ ಮೀಟಿದ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಡ್ಜಿನಲ್ಲಿ ತಂತಿ ಹೊರುವ ತುಂಡು, ಸ್ಯಾಡಲ್, ಕುತ್ತಿಗೆಯಿಂದ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೆಯ ಸತ್ತ ತಂತಿಯಲ್ಲಿ ಇದನ್ನು ಮಾಡಿದರೆ ಶ್ರಮವೆಲ್ಲ ನೀರುಪಾಲು. ಎಷ್ಟು ಹದ ಮಾಡಿದರೂ ಜಿ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಬತ್ತಿಹೋಗುವುದುಂಟು. ಅದು ಕುತ್ತಿಗೆಯ ಸ್ವಂತ ಕಂಪನ ಆ ಸ್ವರದ ಶಕ್ತಿಯನ್ನು ಕುಡಿಯುವುದರಿಂದ ಆಗುವಂಥದ್ದು. ತಲೆಭಾಗಕ್ಕೊಂದು ಭಾರದ ಕ್ಲಾಂಪ್ ಸಿಕ್ಕಿಸಿದರೆ ಜಾಗ ಬದಲಾಗುತ್ತದೆ, ಇಲ್ಲವೇ ಅದೇ ಸ್ವರವನ್ನು ಡಿ ತಂತಿಯ ಮೇಲೆ ನುಡಿಸಿ.

ಸ್ವರ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ತಂತಿಯೂ ಅರ್ಧ ತೀರ್ಮಾನ ಮಾಡುತ್ತದೆ. ಸುರುಳಿ ಉರುಟಾಗಿರುವ ರೌಂಡ್‌ವೂಂಡ್ ತಂತಿ ಝಣಝಣ, ಉದ್ದಕ್ಕೂ ಮಿಡಿಯುವಂಥದ್ದು. ನಯವಾದ ಫ್ಲಾಟ್‌ವೂಂಡ್ ತಂತಿ ಧಪ್ಪೆಂದು ಬಿದ್ದು ಬೇಗ ಅಡಗುತ್ತದೆ. 1951ರಲ್ಲಿ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದ ಕಾಲಕ್ಕೆ ಫ್ಲಾಟ್‌ವೂಂಡ್ ತಂತಿಗಳೇ ರೂಢಿ, ಬ್ರಿಡ್ಜಿನ ಮುಚ್ಚಳದೊಳಗೆ ತಂತಿಗೆ ತಾಗುವ ಸ್ಪಂಜಿನ ಪಟ್ಟಿಯೂ ಇರುತ್ತಿತ್ತು. ಅರುವತ್ತರ ದಶಕದ ಹಳೆಯ ಹಾಡುಗಳ ಆ ಗಿಡ್ಡ, ತುಂಬಿದ ದನಿ ಅದರಿಂದಲೇ. ಈಗಲೂ ಬ್ರಿಡ್ಜಿನ ಹತ್ತಿರ ತಂತಿಗಳ ಕೆಳಗೆ ಬೆರಳಗಲದ ಸ್ಪಂಜು ತುರುಕಿದರೆ ಆ ದನಿ ಕೂಡಲೇ ಸಿಗುತ್ತದೆ. ತಂತಿಗೆ ಅದು ಮೆಲ್ಲಗೆ ತಾಗಿದರೆ ಸಾಕು, ಒತ್ತಿ ಎತ್ತಬಾರದು. ದಪ್ಪ 45ರಿಂದ 105ರ ಕಟ್ಟು ಎಲ್ಲ ಕಡೆ ನಡೆಯುತ್ತದೆ, ಇವು ಇಂಚಿನ ಸಾವಿರದ ಭಾಗಗಳ ಲೆಕ್ಕ. ಹೊಸ ತಂತಿ ಹಾಕುವಾಗ ಶ್ರುತಿ ಮಾಡುವ ಕೀಲಿಯಿಂದ ಹತ್ತು ಸೆಂಟಿಮೀಟರಿನಷ್ಟು ಹೆಚ್ಚಿಗೆ ಬಿಟ್ಟು, ಕತ್ತರಿಸುವ ಮೊದಲು ತೊಂಬತ್ತು ಡಿಗ್ರಿ ಬಗ್ಗಿಸಿ. ಬಗ್ಗಿಸದೆ ಕತ್ತರಿಸಿದರೆ ಸುರುಳಿ ಒಳತಂತಿಯ ಮೇಲೆ ಸಡಿಲಾಗಿ, ಹೊಸ ತಂತಿಯೇ ಮಂಕಾಗಿ ಹುಟ್ಟುತ್ತದೆ. ಮಂಕಾದ ರೌಂಡ್‌ವೂಂಡ್ ತಂತಿಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟು ಚೆನ್ನಾಗಿ ಒಣಗಿಸಿದರೆ ಸುರುಳಿಯೊಳಗಿನ ಕೊಳೆ, ಜಿಡ್ಡು ಬಿಟ್ಟು ಕೆಲ ದಿನ ಹೊಳೆಯುತ್ತದೆ. ನೈಲಾನ್ ಸುತ್ತಿದ ತಂತಿಯನ್ನು ಕುದಿಸಬೇಡಿ.

ಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕು ತಂತಿ ಸಾಕು. ಐದನೆಯ ಬಿ ತಂತಿ 31 ಹರ್ಟ್ಸ್‌ಗೆ ಇಳಿಯುತ್ತದೆ, ಮನೆಯ ಚಿಕ್ಕ ಸ್ಪೀಕರಿಗೆ ಅದು ನಿಲುಕದು, ಸುಮ್ಮನಾಗಿಸಲು ಇನ್ನೊಂದು ತಂತಿಯೂ ಹೆಚ್ಚಾಯಿತು. 1960ರಲ್ಲಿ ಬಂದ ಫೆಂಡರ್ ಜಾಝ್ ಬೇಸಿನ ಮಾದರಿಗಳಲ್ಲಿ ಕುತ್ತಿಗೆಯ ಅಗಲ ನಟ್ಟಿನ ಬಳಿ 38 ಮಿಲಿಮೀಟರ್, ಪ್ರಿಸಿಷನ್ ಮಾದರಿಯಲ್ಲಿ 41ರಿಂದ 44. ಎರಡನ್ನೂ ಹಿಡಿದು ನೋಡಿಯೇ ನಿರ್ಧರಿಸಿ. ಜಾಝ್ ಮಾದರಿಯಲ್ಲಿ ಒಂದೇ ಪಿಕಪ್ ತೆರೆದಾಗ ಬರುವ ಹಮ್, ಅಂದರೆ ಗುಂಯ್ಗುಟ್ಟುವ ಸದ್ದು, ದೋಷವಲ್ಲ, ಎರಡನ್ನೂ ಪೂರ್ತಿ ತೆರೆದರೆ ಒಂದರ ಹಮ್ ಇನ್ನೊಂದನ್ನು ರದ್ದು ಮಾಡುತ್ತದೆ. ಬ್ಯಾಟರಿ ಇರುವ ಬೇಸಾದರೆ ನುಡಿಸಿದ ಮೇಲೆ ಕೇಬಲ್ ಎಳೆದಿಡಿ. ಪ್ಲಗ್ ಒಳಗಿದ್ದಷ್ಟು ಹೊತ್ತು 9 ವೋಲ್ಟಿನ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ದನಿ ಒಡೆದಂತೆ ಕೇಳಿಸಿದರೆ ಮೊದಲು ಅದನ್ನೇ ಬದಲಿಸಿ.

ಇನ್ನು ಕೋಣೆ. ಖಾಲಿ ಇ ತಂತಿ ಸೆಕೆಂಡಿಗೆ 41 ಸಲ ಮಿಡಿಯುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅದರ ಅರ್ಧದಷ್ಟು, ಅಂದರೆ ನಾಲ್ಕು ಮೀಟರಿಗೆ ಹತ್ತಿರದ ಉದ್ದದ ಕೋಣೆಯಲ್ಲಿ ಆ ಸ್ವರ ಗೋಡೆಗಳ ನಡುವೆ ನಿಂತು ಮೊರೆಯುತ್ತದೆ, ಪಕ್ಕದ ಸ್ವರ ಮಾಯವಾಗುತ್ತದೆ. ಆಗ ವಾದ್ಯದಲ್ಲಿ ಒಂದು ಸ್ವರ ಕೆಟ್ಟಿದೆಯೆಂದು ಭ್ರಮೆ ಹುಟ್ಟುವುದು ಸಹಜ. ಕೋಣೆಯೊಳಗೆ ಒಂದೆರಡು ಹೆಜ್ಜೆ ಸರಿದು ಕೇಳಿ, ತಕ್ಷಣ ಗೊತ್ತಾಗುತ್ತದೆ. ಆಂಪನ್ನು ಮೂಲೆಯಿಂದ ಈಚೆಗೆ ತಂದು, ನೆಲಕ್ಕೆ ತಾಗದಂತೆ ಕುರ್ಚಿಯ ಮೇಲಿಟ್ಟರೆ ಮೊರೆತವೂ ಕೆಳಮನೆಯವರ ಕಷ್ಟವೂ ತಗ್ಗುತ್ತವೆ. ಸ್ವರ ನಿಲ್ಲಿಸುವ ಅಭ್ಯಾಸಕ್ಕಂತೂ ಹೆಡ್‌ಫೋನೇ ಮೇಲು, ಏಕೆಂದರೆ ಕೋಣೆ ಮೊರೆಯುತ್ತಿದ್ದರೆ ಸ್ವರ ನಿಂತದ್ದೇ ತಿಳಿಯುವುದಿಲ್ಲ.

ಒಬ್ಬರೇ ನುಡಿಸುವಾಗ ಚೆಂದ ಕೇಳಿಸುವ ದನಿ ತಂಡದಲ್ಲಿ ಕಾಣೆಯಾಗುತ್ತದೆ. ಮಧ್ಯದ ಕಂಪನಗಳನ್ನು ತಗ್ಗಿಸಿ ಕೆಳಗಿನದನ್ನೂ ಮೇಲಿನದನ್ನೂ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ಬಿಡಬೇಕು. ಸ್ವರ ಯಾವುದೆಂದು ಕಿವಿ ಗುರುತಿಸುವುದು ಮೂಲ ಕಂಪನಕ್ಕಿಂತ ಅದರ ಮೇಲಿನ ಉಪಸ್ವರಗಳಿಂದ. 41 ಹರ್ಟ್ಸ್ ಹೊರಡಿಸಲಾಗದ ಫೋನಿನ ಸ್ಪೀಕರಿನಲ್ಲೂ ಬೇಸ್ ಸ್ವರ ನಮಗೆ ತಿಳಿಯುವುದು ಹಾಗೆಯೇ. 700ರಿಂದ 1000 ಹರ್ಟ್ಸ್ ಆಸುಪಾಸನ್ನು ತುಸು ಏರಿಸಿ, ಕೆಳಗಿನದನ್ನು ತುಸು ಇಳಿಸಿದರೆ ಡ್ರಮ್ ಗಿಟಾರ್‌ಗಳ ನಡುವೆಯೂ ಪ್ರತಿ ಸ್ವರ ಕೇಳಿಸುತ್ತದೆ. ಡ್ರಮ್ಮರ್ ಜೊತೆಗೆ 20–30 ವಾಟಿನ ಆಂಪ್ ಸಾಲದು, 200ರಿಂದ 300 ವಾಟ್ ಬೇಕಾಗುತ್ತದೆ. ಕೆಳಗಿನ ಕಂಪನಕ್ಕೆ ಹೆಚ್ಚು ಗಾಳಿ ತಳ್ಳಬೇಕು, ನಮ್ಮ ಕಿವಿಯೂ ಅಲ್ಲಿ ಮಂದ. ಅಂಥ ಕೋಣೆಯಲ್ಲಿ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಸುರಕ್ಷಿತವೆಂಬ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ, 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದೇ ನಿಮಿಷ.

ಅಭ್ಯಾಸದಲ್ಲಿ, ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೊನೋಮನ್ನು ಪ್ರತಿ ಬಡಿತಕ್ಕೂ ಇಡುವುದನ್ನು ಬೇಗ ಬಿಟ್ಟುಬಿಡಿ. ನಿಮಿಷಕ್ಕೆ 40 ಎಂದಿಟ್ಟು, ಆ ಟಿಕ್ಕನ್ನು ಎರಡು ಮತ್ತು ನಾಲ್ಕನೇ ಬಡಿತವೆಂದು ಎಣಿಸಿದರೆ ಹಾಡು 80ರ ನಡೆಯಲ್ಲಿರುತ್ತದೆ, ಒಂದು ಮತ್ತು ಮೂರನ್ನು ನೀವೇ ಹೊರಬೇಕು. ಇದು ಸಲೀಸಾದ ಮೇಲೆ 20ಕ್ಕಿಳಿಸಿ, ನಾಲ್ಕನೆಯದಕ್ಕೆ ಮಾತ್ರ ಟಿಕ್. ಎಲ್ಲಿ ಓಡುತ್ತೀರಿ, ಎಲ್ಲಿ ಹಿಂದೆ ಬೀಳುತ್ತೀರಿ ಎನ್ನುವುದು ಇಲ್ಲಿ ಮುಚ್ಚಿಡಲಾಗದು. ಸಾಮಾನ್ಯವಾಗಿ ಎಲ್ಲರೂ ಓಡುವುದು ಮೌನದ ಜಾಗದಲ್ಲಿ, ಸ್ವರ ನಿಲ್ಲಿಸಿದ ಕೂಡಲೇ ಮುಂದಿನದಕ್ಕೆ ಕೈ ಆತುರಪಡುತ್ತದೆ. ಆ ಖಾಲಿ ಬಡಿತಗಳನ್ನು ಬಾಯಲ್ಲಿ ಎಣಿಸುವುದೇ ಮದ್ದು.

ಕೇಳಿ ಕಲಿಯುವಾಗ ಮೊದಲು ಬೇಸಿನ ಸಾಲನ್ನು ಗುನುಗಿ, ಗುನುಗಲಾಗದ್ದು ಬೆರಳಿಗೆ ಬಾರದು. ಕೆಳಗಿನ ಸ್ವರ ಮಸುಕಾಗಿ ಕೇಳಿಸಿದರೆ ಆ್ಯಪಿನಲ್ಲಿ ಹಾಡನ್ನು ಒಂದು ಸಪ್ತಕ ಏರಿಸಿ, ಬೇಸ್ ಎದ್ದು ಕಾಣುತ್ತದೆ. ಸ್ವರಗಳ ಜೊತೆಗೆ ಪ್ರತಿ ಸ್ವರ ಎಲ್ಲಿ ನಿಂತಿತೆಂದೂ ಬರೆದುಕೊಳ್ಳಿ.

ಕಾರ್ಡಿನ ಮೂಲಸ್ವರದಿಂದಾಚೆಗೆ ಹೋಗಲು ಎರಡು ಆಕಾರ ಸಾಕು. ಯಾವ ಸ್ವರದಿಂದಲಾದರೂ ಪಕ್ಕದ ತೆಳು ತಂತಿಯಲ್ಲಿ ಎರಡು ಫ್ರೆಟ್ಟು ಮುಂದೆ ಅದರ ಪಂಚಮ, ಎರಡು ತಂತಿ ದಾಟಿ ಎರಡು ಫ್ರೆಟ್ಟು ಮುಂದೆ ಮೇಲಿನ ಸಪ್ತಕ. ಜಿಯಿಂದ ಸಿಗೆ ಹೋಗುವಾಗ ಜಿ, ಬಿ, ಡಿ, ಬಿ ಎಂದು ನಡೆದು ಸಿಗೆ ಕಾಲಿಡಿ. ಕೊನೆಯ ಬಿ, ಸಿಗಿಂತ ಒಂದೇ ಫ್ರೆಟ್ಟು ಹಿಂದಿರುವುದರಿಂದ ಮುಂದಿನ ಕಾರ್ಡು ಬರುತ್ತಿದೆಯೆಂದು ಕೇಳುಗರಿಗೆ ಮೊದಲೇ ತಿಳಿಯುತ್ತದೆ. ಇದನ್ನು ಸಾಲಿಗೊಮ್ಮೆ ಮಾಡಿದರೆ ಸೊಗಸು, ಪ್ರತಿ ಸಲ ಮಾಡಿದರೆ ಹಾಡುವವರಿಗೆ ಉಸಿರಾಡಲು ಜಾಗವಿರುವುದಿಲ್ಲ.

ತಂಡದಲ್ಲಿ ಕೂತಾಗ ಕಣ್ಣು ಡ್ರಮ್ಮರಿನ ಬಲಗಾಲಿನ ಮೇಲಿರಲಿ. ಕಿಕ್ ಬಿದ್ದಲ್ಲೆಲ್ಲ ಮೀಟಬೇಕಿಲ್ಲ, ಆದರೆ ಮೀಟಿದ್ದು ಅದಕ್ಕೆ ಅಡ್ಡಬರಬಾರದು. ಕೀಬೋರ್ಡಿನವರ ಎಡಗೈ ಕೆಳಸಪ್ತಕದಲ್ಲಿ ಓಡಾಡುತ್ತಿದ್ದರೆ ಇಬ್ಬರ ಸ್ವರವೂ ಕಲಸಿಹೋಗುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ. ಹಾಡಿನ ನಡುವೆ ದಾರಿ ತಪ್ಪಿದರೆ ಹುಡುಕುತ್ತಾ ಸ್ವರ ಬದಲಿಸಬೇಡಿ. ಕೈ ನಿಲ್ಲಿಸಿ, ಮುಂದಿನ ಒಂದನೇ ಬಡಿತಕ್ಕೆ ಸರಿಯಾದ ಮೂಲಸ್ವರದಿಂದ ಮತ್ತೆ ಸೇರಿ. ಮೌನವಾಗಿದ್ದ ಬೇಸನ್ನು ಯಾರೂ ತಪ್ಪೆನ್ನುವುದಿಲ್ಲ, ತಪ್ಪು ಮೂಲಸ್ವರ ಮಾತ್ರ ಎಲ್ಲರ ಕಾರ್ಡನ್ನೂ ಕೆಡಿಸುತ್ತದೆ.

ಡ್ರಮ್ಮರ್ ಇಲ್ಲದೆ ಒಬ್ಬ ಹಾಡುಗಾರ, ಒಂದು ಅಕೂಸ್ಟಿಕ್ ಗಿಟಾರ್ ಜೊತೆ ನುಡಿಸುವ ಸಂದರ್ಭ ಹವ್ಯಾಸಿಗಳಿಗೆ ಹೆಚ್ಚು ಸಿಗುತ್ತದೆ, ಅದು ಬಹಳ ಕಲಿಸುವಂಥದ್ದು ಕೂಡ. ಅಲ್ಲಿ ಆಂಪಿನ ದನಿ ಗಿಟಾರಿನ ದನಿ ಮುಚ್ಚದಷ್ಟೇ ಇರಲಿ. ಚರಣದಲ್ಲಿ ಉದ್ದ ಸ್ವರ ಹಿಡಿದು, ಪಲ್ಲವಿ ಬಂದಾಗ ಅದೇ ಸ್ವರಗಳನ್ನು ಗಿಡ್ಡವಾಗಿ ಕಡಿದು ನುಡಿಸಿದರೆ ಡ್ರಮ್ ಇಲ್ಲದೆಯೂ ಹಾಡು ಎದ್ದು ನಡೆಯುತ್ತದೆ. ಮೊದಲ ಚರಣದಲ್ಲಿ ಏನೂ ನುಡಿಸದೆ, ಪಲ್ಲವಿಯ ಒಂದನೇ ಬಡಿತದಲ್ಲಿ ಸೇರಿಕೊಂಡರೆ ಇನ್ನೂ ಒಳ್ಳೆಯದು. ಆ ಒಂದು ಸ್ವರ ಕೂಡಿದಾಗ ಹಾಡುತ್ತಿರುವವರ ದನಿ ಗಟ್ಟಿಯಾಗುವುದು ಪಕ್ಕದಲ್ಲೇ ಕೇಳಿಸುತ್ತದೆ.